ನಾಲ್ಕು ಕೋಣೆಗೊಂದು ಬಡ ಮಗು

ನಮ್ಮ ಶಿಶುಶಾಲೆಯಲ್ಲಿ ಬಡ ಮಕ್ಕಳಿಗೆ ಯಾವ ಕೊರತೆಯೂ ಇಲ್ಲ. ಬಡ ಮಕ್ಕಳದ್ದೇ ಕೊರತೆ. ಇಡೀ ಶಾಲೆಗೆ ಇರುವುದು ಒಂದು. ಆ ಒಂದು ನನ್ನ ಮೊಮ್ಮಗಳು.

ನಾನು ಅಲ್ಲಿನ ಆಯಾ. ಮಿಸ್ಸುಗಳು ಮಕ್ಕಳ ತಲೆಯ ಕಡೆ ನೋಡಿಕೊಳ್ಳುತ್ತಾರೆ, ನಾನು ಇನ್ನೊಂದು ಕಡೆ ನೋಡಿಕೊಳ್ಳುತ್ತೇನೆ. ತಲೆಗೆ ಹಾಕಿದ್ದು ಫಲ ಕೊಡುವುದಕ್ಕೆ ವರ್ಷಗಟ್ಟಲೆ ಬೇಕಂತೆ. ನನ್ನ ಕಡೆಯ ಫಲ ಆಗಿಂದಾಗಲೇ ಕೈಗೆ ಬರುತ್ತದೆ. ಇಷ್ಟು ಕಾಲ ತೊಳೆದ ಮೇಲೆ ಒಂದು ಮಾತು ಹೇಳಬಲ್ಲೆ: ದೊಡ್ಡ ಕಾರಿನಿಂದ ಇಳಿಯುವ ಮಗುವಿನದ್ದೂ ಮಲ್ಲಿಗೆಯ ಹಾಗೆ ಘಮಘಮಿಸುವುದಿಲ್ಲ.

ಬಡವರಿಗೆಂದು ಕೆಲವು ಸೀಟು ಪುಕ್ಕಟೆ ಬಿಡಬೇಕು ಎಂದು ಕಾನೂನು ಇದೆಯಂತೆ. ಶಾಲೆ ಬಿಟ್ಟಿತು. ವರ್ಷದ ಮೊದಲಿಗೆ ನಮ್ಮ ಬೀದಿಯ ಕಡೆಯಿಂದ ಏಳೆಂಟು ಮಕ್ಕಳು ಬಂದವು. ಯಾರೂ ಅವರನ್ನು ಹೋಗಿ ಎನ್ನಲಿಲ್ಲ. ಹಾಗೆ ಅನ್ನುವಷ್ಟು ಕೆಟ್ಟವರು ನಮ್ಮಲ್ಲಿ ಇಲ್ಲ. ಗಾರೆ ಕೆಲಸದವನ ಮಗನ ಹುಟ್ಟುಹಬ್ಬಕ್ಕೆ ಇಡೀ ಕ್ಲಾಸಿಗೆ ಉಡುಗೊರೆ ತರಬೇಕು ಎಂದರು, ಅಷ್ಟೇ. ಮೀನು ಮಾರುವವಳ ಮಗಳ ಪಕ್ಕ ಕೂತ ಮಕ್ಕಳು ಮೂಗು ಹಿಡಿದುಕೊಂಡರೆ ಮಿಸ್ಸು ಕಿಟಕಿ ತೆಗೆದರು, ಅಷ್ಟೇ. ಹಣ್ಣಾದ ಎಲೆಗಳ ಹಾಗೆ ಒಂದೊಂದೇ ಉದುರಿದವು. ಎಲೆ ತಾನಾಗಿ ಉದುರಿದರೆ ಮರದ ತಪ್ಪೇನು?

ನನ್ನ ಮೊಮ್ಮಗಳು ಉದುರಲಿಲ್ಲ. ಉದುರಿದರೂ ನನ್ನ ಮಡಿಲಿಗೇ ತಾನೇ. ಅವಳನ್ನು ನಾವು ಮೆಣಸು ಎಂದು ಕರೆಯುತ್ತೇವೆ. ನಾಲ್ಕು ವರ್ಷದವಳು. ಇರುವುದು ಕಾಳಿನಷ್ಟು, ಹಲ್ಲಿಗೆ ಸಿಕ್ಕರೆ ಗೊತ್ತಾಗುತ್ತದೆ. ಒಂದು ದಿನ ಒಬ್ಬ ಹುಡುಗ ಅವಳ ಜಡೆ ಎಳೆದ. ಇವಳು ತಿರುಗಿ, "ಥೂ, ನಿನ್ನ ಮುಖಕ್ಕಿಷ್ಟು!" ಅಂದಳು. ಹುಡುಗನಿಗೆ ಮಾತು ಬಹಳ ಹಿಡಿಸಿತು. ಮನೆಗೆ ಹೋಗಿ ಅಪ್ಪನಿಗೆ ಅದನ್ನೇ ಅಂದ. ಶಾಲೆಯಲ್ಲಿ ಆ ವರ್ಷ ಅವನು ಚೆನ್ನಾಗಿ ಕಲಿತ ಪಾಠ ಅದೊಂದೇ. ಆದರೆ ಅಪ್ಪ ದೂರು ಕೊಟ್ಟ.

ಮಾರನೆಯ ಬೆಳಿಗ್ಗೆ ಹೆಡ್ ಮೇಡಮ್ ನನ್ನನ್ನು ಕರೆದರು. ಅವರು ನನ್ನ ಮಗಳ ವಯಸ್ಸಿನವರು. ನನ್ನನ್ನು ನೀನು ಎನ್ನುತ್ತಾರೆ, ಸಲುಗೆಯಿಂದ.

"ಆಯಮ್ಮ, ಇವಳು ಸ್ವಲ್ಪ ಹೊಂದ್ಕೊಳ್ಳೋವರೆಗೂ ನಿನ್ನ ಜೊತೇಲೇ ಇರ್ಲಿ."

"ಯಾವುದಕ್ಕೆ ಹೊಂದ್ಕೋಬೇಕು ಮೇಡಮ್?"

"ಕ್ಲಾಸಿಗೆ."

"ಕ್ಲಾಸಿನ ಹೊರಗೆ ಕೂತ್ಕೊಂಡಾ?"

"ನಿನಗೆ ಅರ್ಥ ಆಗಲ್ಲ ಬಿಡು. ಇದು ಮಕ್ಕಳ ಮನಶ್ಶಾಸ್ತ್ರ."

ನೀರಿಗೆ ಇಳಿಸದೆ ಈಜು ಕಲಿಸುವ ಶಾಸ್ತ್ರ ಇರಬೇಕು. ಅಂದಿನಿಂದ ಮೆಣಸು ಕೂರುತ್ತಿದ್ದದ್ದು ಬಕೆಟ್ಟು, ಪೊರಕೆ, ಒರೆಸುವ ಬಟ್ಟೆ ಇಡುವ ಕೋಣೆಯಲ್ಲಿ. ಕಿಟಕಿ ಇಲ್ಲ. ಬೋರಲು ಹಾಕಿದ ಬಕೆಟ್ಟೇ ಕುರ್ಚಿ. ಗೋಡೆಯ ಆಚೆ ಮಕ್ಕಳು ಪದ್ಯ ಹೇಳಿದರೆ ಇವಳು ಈಚೆಯಿಂದ ಹೇಳುತ್ತಿದ್ದಳು. ಆಚೆ ಚಪ್ಪಾಳೆ ಬಿದ್ದರೆ ತನಗೇ ಎಂದುಕೊಳ್ಳುತ್ತಿದ್ದಳು.

ನನ್ನ ಮಗಳು ಇಸ್ತ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಅಮ್ಮಾ, ಇವತ್ತಾದ್ರೂ ಒಳಗೆ ಕೂರಿಸಿದ್ರಾ?"

"ನಾಳೆ ಅಂತೆ ಕಣೇ."

"ಇವತ್ತೇನು ಕಲಿತೆ ಮೆಣಸು?"

"ಫಿನಾಯಿಲ್ ಜಾಸ್ತಿ ಹಾಕಿದ್ರೆ ಕೆಮ್ಮು ಬರುತ್ತೆ!"

ಮಗಳು ನಗಲಿಲ್ಲ. "ಇದನ್ನ ಕಲಿಯೋಕೆ ಶಾಲೆ ಯಾಕಮ್ಮ ಬೇಕು? ನಮ್ಮ ಮನೇಲಿ ತಲೆಮಾರಿಂದ ಬಂದಿರೋ ವಿದ್ಯೆ" ಅಂದಳು. ಎದ್ದು ಪಾತ್ರೆ ತೊಳೆದೆ. ಉತ್ತರ ಹೊಳೆಯದಿದ್ದಾಗ ಪಾತ್ರೆಗಳು ಹೊಳೆಯುತ್ತವೆ.

ಹೀಗಿರುವಾಗ ಶಾಲೆಗೆ ಒಂದು ಬಹುಮಾನ ಬರುವ ಸುದ್ದಿ ಬಂತು. ಉಳ್ಳವರ ಮಕ್ಕಳನ್ನೂ ಇಲ್ಲದವರ ಮಕ್ಕಳನ್ನೂ ಜೊತೆಯಲ್ಲಿ ಕೂರಿಸಿ ಕಲಿಸುವ ಶಾಲೆಗೆ ಕೊಡುವ ಬಹುಮಾನವಂತೆ. ನೋಡುವುದಕ್ಕೆ ಇಬ್ಬರು ಬರುತ್ತಾರೆ, ಕೋಣೆಕೋಣೆಗೂ ಹೋಗುತ್ತಾರೆ, ಕೋಣೆಕೋಣೆಯಲ್ಲೂ ಬಡ ಮಗು ಇರಬೇಕು. ನಮ್ಮಲ್ಲಿ ಕೋಣೆ ನಾಲ್ಕು: ಹಳದಿ, ಹಸಿರು, ನೀಲಿ, ಕೆಂಪು. ಯಾವ ಕೋಣೆಯೋ ಆ ಬಣ್ಣದ ಮೇಲಂಗಿ ಮಕ್ಕಳಿಗೆ. ಬಡ ಮಗು ಒಂದು.

ಹೆಡ್ ಮೇಡಮ್ ನನಗೆ ಕುರ್ಚಿ ತೋರಿಸಿದರು. ಒರೆಸುವುದಕ್ಕೆ ಎಂದುಕೊಂಡು ಒರೆಸಿದೆ. ಕೂರುವುದಕ್ಕಂತೆ.

"ಆಯಮ್ಮ, ಅವರು ಒಂದು ಕೋಣೆ ನೋಡಿ ಹೊರಗೆ ಬಂದಾಗ ನಾನು ಗೋಡೆ ಮೇಲಿನ ಚಿತ್ರ ತೋರಿಸ್ತಾ ಸ್ವಲ್ಪ ನಿಲ್ಲಿಸ್ಕೊಳ್ತೀನಿ. ಅಷ್ಟರಲ್ಲಿ ನೀನು ಹಿಂದಿನ ಬಾಗಿಲಿಂದ ಮೆಣಸೂನ ಎತ್ಕೊಂಡು ಹೋಗಿ ಮುಂದಿನ ಕೋಣೇಲಿ ಕೂರಿಸ್ಬಿಡು."

"ನಾಲ್ಕು ಕೋಣೇಲೂ ಇವಳೇನಾ?"

"ಅವರಿಗೇನು ಗೊತ್ತಾಗುತ್ತೆ? ಈ ಮಕ್ಕಳೆಲ್ಲ ನೋಡೋಕೆ ಒಂದೇ ಥರ ಇರ್ತಾರೆ."

ಮಕ್ಕಳೆಲ್ಲ ಒಂದೇ ಎಂಬ ಮಾತನ್ನು ಮೇಡಮ್ ಮನಸಾರೆ ಹೇಳಿದ್ದು ಅದೇ ಮೊದಲು.

ಅವರು ಮೇಜಿನ ಮೇಲೆ ಬಗ್ಗಿದರು. "ಇದೊಂದು ಚೆನ್ನಾಗಿ ನಡೆದುಹೋಗ್ಲಿ. ಮಾರನೇ ದಿನದಿಂದಲೇ ನಿನ್ನ ಮೊಮ್ಮಗಳು ಕೆಂಪು ಕೋಣೇಲಿ. ಇದು ನನ್ನ ಮಾತು."

ಒಪ್ಪಿದೆ. ಕಾರ್ಯವಾಗಬೇಕಾದರೆ ಕತ್ತೆಯ ಕಾಲನ್ನೂ ಹಿಡಿ ಎನ್ನುತ್ತಾರೆ. ಅಂದು ಯಾರು ಯಾರ ಕಾಲು ಹಿಡಿದರು, ಯಾರು ಕತ್ತೆ, ಇವತ್ತಿಗೂ ನನಗೆ ತಿಳಿದಿಲ್ಲ.

ನೋಡುವವರು ಬರುವ ದಿನ ಬೆಳಿಗ್ಗೆ ನಾನು ಒಂದು ಉಪಾಯ ಮಾಡಿದೆ. ಪ್ರತಿ ಕೋಣೆಗೂ ಮೇಲಂಗಿ ಹಾಕಿ ತೆಗೆದು ಮಾಡುವುದಕ್ಕೆ ಹೊತ್ತೆಲ್ಲಿದೆ? ನಾಲ್ಕನ್ನೂ ಒಂದರ ಮೇಲೊಂದು ತೊಡಿಸಿಬಿಟ್ಟೆ. ಒಳಗೆ ಕೆಂಪು, ಮೇಲೆ ನೀಲಿ, ಅದರ ಮೇಲೆ ಹಸಿರು, ಎಲ್ಲಕ್ಕಿಂತ ಮೇಲೆ ಹಳದಿ. ಈರುಳ್ಳಿಯ ಹಾಗೆ ಸುಲಿಯುತ್ತ ಹೋದರಾಯಿತು. ಮೆಣಸಿನ ಕೈಗಳು ಬಗ್ಗದೆ ಎರಡೂ ಕಡೆ ಚಾಚಿಕೊಂಡವು.

"ಅಜ್ಜೀ, ಸೆಕೆ."

"ಸ್ವಲ್ಪ ತಡ್ಕೋ ಕಂದಾ. ನಾಳೆಯಿಂದ ಕ್ಲಾಸು."

"ನಿಜವಾದ ಕ್ಲಾಸಾ?"

"ನಿಜವಾದ್ದು."

ನೋಡುವವರು ಬಂದರು. ಒಬ್ಬರು ಕನ್ನಡಕದ ಅಮ್ಮ. ಇನ್ನೊಬ್ಬರು ಯಾರು ಏನು ಹೇಳಿದರೂ ತಲೆಯಾಡಿಸುವ ಸಾಹೇಬರು. ಹಳದಿ ಕೋಣೆಯಲ್ಲಿ ಮಕ್ಕಳು ಮರದ ಇಟ್ಟಿಗೆ ಜೋಡಿಸುತ್ತಿದ್ದವು. ನಾನು ಹಿಂದಿನ ಬಾಗಿಲಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತೆ. ಮೆಣಸು ತನ್ನ ಬಗ್ಗದ ಕೈಗಳಿಂದ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಗೋಪುರ ಕಟ್ಟುತ್ತಿದ್ದಳು.

"ಅಯ್ಯೋ, ಎಷ್ಟು ದುಂಡುದುಂಡಗಿದೆ ಈ ಮಗು! ಇಂಥ ಮಕ್ಕಳಿಗೆ ಇಲ್ಲಿ ಊಟ ಕೊಡ್ತೀರಾ?" ಎಂದರು ಕನ್ನಡಕದಮ್ಮ.

"ಪ್ರೀತಿ ಕೊಡ್ತೀವಿ" ಎಂದರು ಹೆಡ್ ಮೇಡಮ್.

ಸಾಹೇಬರು ತಲೆಯಾಡಿಸಿದರು.

ಅವರು ಬಾಗಿಲು ದಾಟಿದ್ದೇ ನಾನು ನುಗ್ಗಿ ಮೆಣಸನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೆ. ಅವಳ ಕೈಯಲ್ಲಿ ಇನ್ನೊಂದು ಇಟ್ಟಿಗೆ ಇತ್ತು. ಕಿತ್ತು ಕೆಳಗಿಟ್ಟೆ. ಕಕ್ಕಸುಗಳ ಹಿಂದಿನ ಓಣಿ, ಯಾವಾಗಲೂ ಒದ್ದೆ. ಜಾರದಂತೆ ಹೆಬ್ಬೆರಳು ಊರಿ ಓಡಿದೆ. ಓಡುತ್ತಲೇ ಹಳದಿಯನ್ನು ಸುಲಿದು ಹೆಗಲಿಗೆ ಹಾಕಿಕೊಂಡೆ.

"ಗೋಪುರ ಮುಗಿದಿಲ್ಲ ಅಜ್ಜಿ."

"ಆಮೇಲೆ."

ಹಸಿರು ಕೋಣೆಯಲ್ಲಿ ಮಿಸ್ಸು ಕಥೆ ಹೇಳುತ್ತಿದ್ದರು. ನರಿಯೊಂದು ಬಾವಿಗೆ ಬಿದ್ದಿತ್ತು. ಮೆಣಸು ಬಾಯಿ ತೆರೆದು ಕೇಳುತ್ತಿದ್ದಳು. ಬಂದವರು ನೋಡಿದರು, ಮೆಚ್ಚಿದರು, ಹೊರಟರು. ಮತ್ತೆ ನುಗ್ಗಿದೆ, ಎತ್ತಿದೆ, ಓಡಿದೆ. ಅಷ್ಟು ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು.

"ನರಿ ಮೇಲೆ ಬಂತಾ ಅಜ್ಜಿ?"

"ಬಂತು."

"ಯಾರು ಎತ್ತಿದ್ರು?"

"ಇನ್ಯಾರು ಎತ್ತಾರೆ? ಆಯಾನೇ ಇರ್ಬೇಕು."

ನೀಲಿ ಕೋಣೆಯಲ್ಲಿ ಬಣ್ಣ. ಮೆಣಸು ಬೆರಳು ಅದ್ದಿ ದೊಡ್ಡದೊಂದು ದುಂಡು ಬರೆಯುತ್ತಿದ್ದಳು, ಅರ್ಧ ಆಗಿತ್ತು. ಕನ್ನಡಕದಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಗಲ್ಲ ಹಿಡಿದರು. ಮೆಣಸು ತಲೆಯೆತ್ತಿ ನೋಡಿದಳು. ಮುಖ ಅರಳಿತು.

"ನೀವೂ ಬಂದ್ರಾ? ನಿಮ್ಮನ್ನ ಯಾರು ಎತ್ಕೊಂಡು ಬರ್ತಾರೆ?"

ಹೆಡ್ ಮೇಡಮ್ಮಿನ ನಗು ಗೂಟಕ್ಕೆ ನೇತುಹಾಕಿದ ಬಟ್ಟೆಯ ಹಾಗೆ ಮುಖದ ಮೇಲೆ ನಿಂತಿತು. ಕನ್ನಡಕದಮ್ಮ ಮಗುವನ್ನು ನೋಡಿದರು. ಆಮೇಲೆ ಹಿಂದಿನ ಬಾಗಿಲ ಕಡೆ ನೋಡಿದರು. ಅಲ್ಲಿ ನಾನಿದ್ದೆ, ಏದುಸಿರು ಬಿಡುತ್ತ, ಹೆಗಲ ಮೇಲೆ ಒಂದು ಹಳದಿ ಒಂದು ಹಸಿರು ಅಂಗಿ ಹಾಕಿಕೊಂಡು. ಅವರಿಗೆ ತಿಳಿಯಿತು. ತಿಳಿಯಿತೆಂದು ನನಗೂ ತಿಳಿಯಿತು. ಈಗ ಇವರು ಕೇಳುತ್ತಾರೆ, ಈಗ ಕೇಳುತ್ತಾರೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲೇ ಇಲ್ಲ. "ಊಟಕ್ಕೆ ತಡ ಆಗುತ್ತಲ್ವಾ, ಬೇಗ ಮುಗಿಸೋಣ" ಅಂದರು.

"ಎಷ್ಟು ಧೈರ್ಯವಾಗಿ ಮಾತಾಡುತ್ತೆ ನೋಡಿ" ಎಂದು ಸಾಹೇಬರು ತಲೆಯಾಡಿಸಿದರು.

ಕೊನೆಯದು ಕೆಂಪು ಕೋಣೆ. ಅಲ್ಲಿ ಮಕ್ಕಳು ಜೇಡಿಮಣ್ಣು ಹಿಡಿದು ನೆಲದ ಮೇಲೆ ಕೂತಿದ್ದವು. ಈಗ ಮೆಣಸಿನ ಮೈಮೇಲೆ ಉಳಿದದ್ದು ಒಂದೇ ಅಂಗಿ, ಬೆವರಿಗೆ ಬೆನ್ನಿಗೆ ಅಂಟಿತ್ತು. ಸಾಹೇಬರು ಮೊದಲ ಸಲ ತಲೆಯನ್ನು ಅಡ್ಡಡ್ಡ ಆಡಿಸಿದರು.

"ಈ ಮಗು ಮಾತ್ರ ಸ್ವಲ್ಪ ಸೊರಗಿದೆ. ಹಳದಿ ಕೋಣೆಯದು ಚೆನ್ನಾಗಿತ್ತು."

"ಒಂದೊಂದು ಮನೆ ಒಂದೊಂದು ಥರ ಸಾರ್" ಎಂದರು ಹೆಡ್ ಮೇಡಮ್, ಕನಿಕರದಿಂದ.

ಒಂದೇ ಬೆಳಗಿನಲ್ಲಿ ನನ್ನ ಮೊಮ್ಮಗಳು ನಾಲ್ಕು ಕ್ಲಾಸು ಮುಗಿಸಿದಳು. ಬೇರೆ ಮಕ್ಕಳಿಗೆ ಒಂದಕ್ಕೇ ಒಂದು ವರ್ಷ ಬೇಕು. ಬಂದವರು ಉಂಡು, ಫೋಟೋ ತೆಗೆಸಿಕೊಂಡು, ಬಹುಮಾನ ನಿಮಗೇ ಎಂದು ಹೇಳಿ ಕಾರು ಹತ್ತಿದರು. ಅವರು ಉಣ್ಣುವವರೆಗೂ ಮೆಣಸು ಕೆಂಪು ಕೋಣೆಯಲ್ಲೇ ಇದ್ದಳು, ಕೈತೊಳೆಯಲು ಹೊರಬಂದವರು ಇಣುಕಿದರೆ ಕಾಣಬೇಕಲ್ಲ. ಕಾರು ಗೇಟು ದಾಟಿದ್ದೇ ಹೆಡ್ ಮೇಡಮ್ ಕೆಂಪು ಕೋಣೆಗೆ ಬಂದರು.

"ಆಯ್ತಲ್ಲ ಆಯಮ್ಮ. ಇನ್ನು ಇವಳನ್ನ ನಿನ್ನ ಕೋಣೆಗೆ ಕರ್ಕೊಂಡು ಹೋಗು."

ಮೆಣಸು ಮಣ್ಣಿನಲ್ಲಿ ಹಾವು ಮಾಡುತ್ತಿದ್ದಳು. ಉದ್ದನೆಯ ಮೈ ಆಗಿತ್ತು.

"ಎದ್ದೇಳು ಪುಟ್ಟಾ, ಅಜ್ಜಿ ಹತ್ರ ಹೋಗು" ಎಂದರು ಕೆಂಪು ಕೋಣೆಯ ಮಿಸ್ಸು.

"ಇನ್ನೂ ತಲೆ ಮಾಡಿಲ್ಲ ಮಿಸ್."

"ಆಮೇಲೆ ಮಾಡ್ತೀಯಂತೆ."

"ಗೋಪುರಾನೂ ಆಮೇಲೆ ಅಂದ್ರು. ದುಂಡೂ ಆಮೇಲೆ ಅಂದ್ರು." ಮೆಣಸು ಒಂದು ಕೈಯಿಂದ ಮೇಜಿನ ಕಾಲು ಹಿಡಿದಳು. "ಇದನ್ನ ಮುಗಿಸ್ತೀನಿ."

"ಆಯಮ್ಮ, ಎತ್ತು" ಅಂದರು ಹೆಡ್ ಮೇಡಮ್.

ನಾನು ಬಗ್ಗಿದೆ. ಎತ್ತು ಎಂದರೆ ಬಗ್ಗುವುದು ಈ ಬೆನ್ನಿಗೆ ಅಭ್ಯಾಸವಾಗಿಹೋಗಿದೆ. ಅವಳ ಕಂಕುಳಿಗೆ ಕೈ ಹಾಕಿದೆ. ಅಲ್ಲಿ ಬೆವರಿಗೆ ಚರ್ಮ ಕೆಂಪಾಗಿ ಸುಲಿದಿತ್ತು. ಮೆಣಸು ಅಳಲಿಲ್ಲ. ಕಿರುಚಲಿಲ್ಲ. ನನ್ನ ಕಿವಿಯ ಹತ್ತಿರ ಮೆಲ್ಲಗೆ ಅಂದಳು:

"ಎಲ್ಲಾ ಕಡೆನೂ ನೀನೇ ಎತ್ತಿದ್ದು ಅಜ್ಜಿ."

ಕೈ ತೆಗೆದೆ.

ನೆಟ್ಟಗೆ ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸೊಂಟ ಅಷ್ಟು ನೋಯುತ್ತಿತ್ತು.

"ನಾಳೆಯಿಂದ ಇವಳು ಕೆಂಪು ಕೋಣೇಲಿ ಅಂತ ಮಾತು ಕೊಟ್ಟಿದ್ರಿ ಮೇಡಮ್."

"ನಾಳೆ ಅಂದ್ರೆ ನಾಳೆನೇನಾ? ಮುಂದಿನ ವರ್ಷ ನೋಡೋಣ. ಈಗ ಎತ್ತು."

"ನಾನು ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಇವಳು ಇಲ್ಲಿರೋದು ಬೇಡ ಅನ್ನೋರು ಎತ್ಲಿ. ನೀವೇ ಎತ್ತಿ. ಹೆಚ್ಚು ಭಾರ ಇಲ್ಲ. ಸೊರಗಿದಾಳೆ ಅಂತ ಸಾಹೇಬರೇ ಹೇಳಿದ್ರಲ್ಲ."

ಹೆಡ್ ಮೇಡಮ್ ಮಿಸ್ಸಿನ ಕಡೆ ನೋಡಿದರು. ಮಿಸ್ಸು ತಮ್ಮ ಸೀರೆಯ ಕಡೆ ನೋಡಿಕೊಂಡರು. ನಮ್ಮ ಶಾಲೆಯಲ್ಲಿ ಮಿಸ್ಸುಗಳು ಮಕ್ಕಳನ್ನು ಎತ್ತುವುದಿಲ್ಲ. ಅದು ಆಯಾಗಳ ಕೆಲಸ. ಅತ್ತರೆ ಎತ್ತು, ಬಿದ್ದರೆ ಎತ್ತು, ಹೇತರೆ ಎತ್ತು. ಮೆಣಸನ್ನು ಮೊದಲ ದಿನ ಕ್ಲಾಸಿನಿಂದ ಎಬ್ಬಿಸಿ ಬಕೆಟ್ಟುಗಳ ಕೋಣೆಗೆ ಹಾಕಿದ್ದೂ ಮೇಡಮ್ಮಿನ ಕೈಯಲ್ಲ.

"ಸಣ್ಣ ಆಯಾ! ಬಾ ಇಲ್ಲಿ" ಎಂದು ಹೆಡ್ ಮೇಡಮ್ ಕೂಗಿದರು.

ಸಣ್ಣ ಆಯಾ ನನ್ನ ಕೈಕೆಳಗೆ ಕೆಲಸ ಕಲಿತವಳು. ಓಣಿ ಒರೆಸುತ್ತಿದ್ದವಳು ಬಕೆಟ್ಟು ಸಮೇತ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ಮೇಜಿನ ಕಾಲು ಹಿಡಿದು ಕೂತ ಮೆಣಸನ್ನು ನೋಡಿದಳು.

"ಈ ಮಗೂನ ಎತ್ಕೊಂಡು ಹೋಗು."

"ನನ್ನ ಕೈ ಒದ್ದೆ ಮೇಡಮ್" ಅಂದಳು. ಅಂದ ಮೇಲೆ ಎರಡೂ ಕೈಗಳನ್ನು ಬಕೆಟ್ಟಿನಲ್ಲಿ ಅದ್ದಿದಳು.

ಮಕ್ಕಳು ನಕ್ಕವು. ಹೆಡ್ ಮೇಡಮ್ಮಿನ ಮುಖ ಕೆಂಪು ಕೋಣೆಗೆ ಒಪ್ಪುವ ಬಣ್ಣಕ್ಕೆ ಬಂತು.

"ಹಾಗಾದ್ರೆ ಕೇಳಿಸ್ಕೋ. ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ."

ನಾನು ಶೂರಳಲ್ಲ. ಈ ವಯಸ್ಸಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಆದರೆ ನಾಲಿಗೆ ನನ್ನನ್ನು ಕೇಳದೆ ಹೊರಟಿತು. ಮೆಣಸಿಗೆ ಆ ನಾಲಿಗೆ ಎಲ್ಲಿಂದ ಬಂತು ಎಂದುಕೊಂಡಿರಿ?

"ನಾಳೆ ಅಂದ್ರೆ ನಾಳೆನೇನಾ ಮೇಡಮ್, ಇಲ್ಲ ಮುಂದಿನ ವರ್ಷ ನೋಡೋಣವಾ?"

ಅವರು ಬಾಯಿ ತೆರೆದರು. ಆದರೆ ಮಾತು ಬಂದದ್ದು ಬೇರೆ ಕಡೆಯಿಂದ. ಮೂಲೆಯಲ್ಲಿ ಒಬ್ಬ ಹುಡುಗ ಕಾಲು ಅಗಲಿಸಿ ನಿಂತಿದ್ದ. ಮೆಣಸಿನಿಂದ ಬೈಗುಳ ಕಲಿತನಲ್ಲ, ಅವನೇ.

"ಆಯಾ, ಆಗೋಯ್ತು."

ಆದದ್ದು ಕೋಣೆಗೆಲ್ಲ ಗೊತ್ತಾಯಿತು. ತೊಡೆಯ ಮೇಲೆ ಇಳಿದು ಕಾಲುಚೀಲದವರೆಗೂ ಬಂದಿತ್ತು. ಮಿಸ್ಸು ಕಿಟಕಿಯ ಹತ್ತಿರ ಹೋದರು. ಹೆಡ್ ಮೇಡಮ್ ಬಾಗಿಲ ಹತ್ತಿರ ಹೋದರು. ಸಣ್ಣ ಆಯಾ ಕೈಗಳನ್ನು ಬಕೆಟ್ಟಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಸಿದಳು. ಮಧ್ಯದಲ್ಲಿ ಹುಡುಗ ಒಬ್ಬನೇ. ಎಲ್ಲರೂ ದೂರ ಸರಿದದ್ದು ಅವನಿಗೆ ಕಂಡಿತು. ಅವನ ಕೆಳತುಟಿ ನಡುಗತೊಡಗಿತು.

"ನೋಡ್ತಾ ನಿಂತಿದೀಯಲ್ಲ ಆಯಮ್ಮ!" ಅಂದರು ಹೆಡ್ ಮೇಡಮ್, ಸೆರಗಿನೊಳಗಿಂದ.

"ಈಗಷ್ಟೇ ಕೆಲಸ ಇಲ್ಲ ಅಂದ್ರಿ."

"ನಾಳೆಯಿಂದ ಅಂದೆ!"

ಹಟ ಹಿಡಿದು ನಿಲ್ಲಬಹುದಿತ್ತು. ನಿಂತಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತೇನೋ. ಆದರೆ ಎಲ್ಲರೂ ಮೂಗು ಮುಚ್ಚಿ ದೂರ ಸರಿದಾಗ ಒಂದು ಮಗುವಿನ ಮುಖ ಹೇಗಾಗುತ್ತದೆ ಎಂದು ಮೀನು ಮಾರುವವಳ ಮಗಳಲ್ಲಿ ನೋಡಿದ್ದೆ. ಎರಡನೆಯ ಸಲ ನೋಡುವುದು ಬೇಡವಾಗಿತ್ತು. ಹುಡುಗನನ್ನು ಎತ್ತಿಕೊಂಡೆ. "ಬಾ ಮರಿ. ಎಲ್ಲರಿಗೂ ಆಗುತ್ತೆ. ಮೇಡಮ್ಮಿಗೂ ಆಗುತ್ತೆ" ಅಂದೆ. ಅವನು ಅಳು ಮರೆತು ಮೇಡಮ್ಮಿನ ಕಡೆ ಬೆರಗಿನಿಂದ ನೋಡಿದ.

ಬಿಸಿನೀರು ಬಿಟ್ಟು ತೊಳೆದೆ. ಕಾಲುಚೀಲ ಹಿಂಡಿ ಹಾಕಿದೆ. ಬೇರೆ ಚಡ್ಡಿ ತೊಡಿಸಿದೆ. ಅವಸರ ಮಾಡಲಿಲ್ಲ. ವಾಪಸ್ಸು ಬಂದಾಗ ಹೆಡ್ ಮೇಡಮ್ ಕೋಣೆಯಲ್ಲಿ ಇರಲಿಲ್ಲ. ಮೆಣಸು ಇದ್ದಳು. ಹಾವಿಗೆ ತಲೆ ಬಂದಿತ್ತು, ತಲೆಗೆ ಎರಡು ಕಣ್ಣು ಬಂದಿದ್ದವು. ಹುಡುಗ ಓಡಿಹೋಗಿ ಪಕ್ಕದಲ್ಲಿ ಕೂತ.

"ಇದು ಕಚ್ಚುತ್ತಾ?"

"ಜಡೆ ಎಳೆದ್ರೆ ಕಚ್ಚುತ್ತೆ."

ಅವತ್ತು ಸಂಜೆಯ ಗಂಟೆ ಹೊಡೆಯುವವರೆಗೂ ಅವಳನ್ನು ಎಬ್ಬಿಸಲು ಯಾರೂ ಬರಲಿಲ್ಲ. ಬರಲು ಇದ್ದವರಾದರೂ ಯಾರು?

ಮನೆಯಲ್ಲಿ ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. ಎಲ್ಲ ಹೇಳಿದೆ. ಕೆಲಸ ಹೋಗಿರಬಹುದು ಎಂದೂ ಹೇಳಿದೆ. ಅವಳು ಬಾಗಿಲಲ್ಲೇ ಕೂತು ಊದಿದ ಕಾಲು ನೀವಿಕೊಂಡಳು. ಆಮೇಲೆ, "ಬೆಳಿಗ್ಗೆ ಅವಳಿಗೆ ಒಂದೇ ಅಂಗಿ ಹಾಕಮ್ಮ" ಅಂದಳು.

ಬೆಳಿಗ್ಗೆ ನಾನೂ ಮೆಣಸೂ ಶಾಲೆಗೆ ಹೋದೆವು. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ನನ್ನ ಕೆಲಸಕ್ಕೆ ಬೇರೆಯವರನ್ನು ಹುಡುಕಿದರೋ, ಹುಡುಕಿ ಸಿಗಲಿಲ್ಲವೋ, ನನಗೆ ಗೊತ್ತಿಲ್ಲ. ಬಕೆಟ್ಟುಗಳ ಕೋಣೆಯ ಮುಂದೆ ಮೆಣಸಿನ ಕಾಲು ತಾನಾಗಿ ಆ ಕಡೆ ತಿರುಗಿತು. ಭುಜ ಹಿಡಿದು ನೇರ ಮಾಡಿದೆ. ಕೆಂಪು ಕೋಣೆಯ ಬಾಗಿಲವರೆಗೆ ಕೈಹಿಡಿದು ನಡೆಸಿದೆ, ಅಲ್ಲಿ ಬಿಟ್ಟೆ. ಒಳಗೆ ಅವಳೇ ಹೋದಳು.

ಮಿಸ್ಸು ಎದ್ದು ನಿಂತರು. "ಕುರ್ಚಿ ಇಲ್ವಲ್ಲ ಆಯಮ್ಮ. ಇರೋ ಮಕ್ಕಳಿಗೆ ಲೆಕ್ಕ ಹಾಕಿ ಇಟ್ಟಿರೋದು."

ಮೆಣಸು ಕೋಣೆಯನ್ನೆಲ್ಲ ನೋಡಿದಳು. ಖಾಲಿ ಇದ್ದದ್ದು ಒಂದೇ, ಈಗಷ್ಟೇ ಮಿಸ್ಸು ಎದ್ದ ಕುರ್ಚಿ. ಹೋಗಿ ಅದನ್ನು ಹತ್ತಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ.

ಅಷ್ಟರಲ್ಲಿ ಹೆಡ್ ಮೇಡಮ್ ಬಂದರು. ಕುರ್ಚಿ ನೋಡಿದರು. ಕುರ್ಚಿಯ ಮೇಲಿದ್ದವಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆಯಮ್ಮ" ಅಂದರು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.